ಮಾವಿನ ಹಣ್ಣಿನ ಕೊಳೆ ತಡೆಯಲು ಸುಗಂಧ ತೈಲದ ಆವಿ

ಕೊಯ್ದ ದಿನ ಕಲೆಯಿಲ್ಲದೆ ಕಂಡ ಮಾವಿನಕಾಯಿ ಹಣ್ಣಾಗುವ ಹೊತ್ತಿಗೆ ಕಪ್ಪು ಮಚ್ಚೆಗಳೆದ್ದು ಕೊಳೆಯುವುದಕ್ಕೆ ಬಹುಮಟ್ಟಿಗೆ ಚಿಬ್ಬು ರೋಗವೇ ಕಾರಣ. ಕೊಲೆಟೋಟ್ರೈಕಮ್ ಎಂಬ ಶಿಲೀಂಧ್ರದ ಬೀಜಾಣುಗಳು ಕಾಯಿ ಮರದಲ್ಲಿರುವಾಗಲೇ ತೇವದ ದಿನಗಳಲ್ಲಿ ಸಿಪ್ಪೆಗೆ ಅಂಟಿ ಮೊಳೆತು, ಕಾಯಿ ಮಾಗುವವರೆಗೆ ಸುಪ್ತವಾಗಿರುತ್ತವೆ. ಗಿಡಗಳಿಂದ ಬಟ್ಟಿ ಇಳಿಸಿದ ಸುಗಂಧ ತೈಲದ ಆವಿ ಸಿಪ್ಪೆಯ ಮೇಲಿನ ಶಿಲೀಂಧ್ರದ ಜೀವಕೋಶದ ಪೊರೆಯನ್ನು ಕೆಡಿಸಿ ಅದರ ಬೆಳವಣಿಗೆಯನ್ನು ಹತ್ತಿಕ್ಕುತ್ತದೆ. ಒಳಗೆ ಇಳಿದ ಕೊಳೆಯನ್ನು ವಾಸಿಮಾಡುವುದಿಲ್ಲ. ಆದ್ದರಿಂದ ಈ ಕೆಲಸ ಕೊಯ್ಲಾದ ಕೂಡಲೇ ನಡೆಯಬೇಕು.

ತೊಟ್ಟು ಸಹಿತ ಕೊಯ್ದು ಸೊನೆ ಇಳಿಸಿದ ಬಲಿತ ಕಾಯಿಗಳಲ್ಲಿ ಗಾಯವಾದವನ್ನು ಬೇರ್ಪಡಿಸಿ, ಉಳಿದವನ್ನು 52 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಸುಮಾರು 10 ನಿಮಿಷ ಅದ್ದಿಡಿ. ಸುಪ್ತ ಸೋಂಕಿನ ಮೇಲೆ ಆವಿಗಿಂತ ಬಿಸಿನೀರಿನ ಹಿಡಿತವೇ ಹೆಚ್ಚು ಎಂಬ ಕಾರಣಕ್ಕೆ ಈ ಹಂತವನ್ನು ಬಿಡಬಾರದು. ಬಳಿಕ ನೆರಳಿನಲ್ಲಿ ಪೂರ್ತಿ ಒಣಗಿಸಿ.

ಥೈಮಾಲ್ ಇರುವ ಓಮದ ತೈಲ, ಯೂಜಿನಾಲ್ ಇರುವ ಲವಂಗದ ತೈಲ, ಸಿಟ್ರಾಲ್ ಇರುವ ನಿಂಬೆಹುಲ್ಲಿನ ತೈಲ ಮೂರೂ ಶಿಲೀಂಧ್ರವನ್ನು ತಡೆಯಬಲ್ಲವು. ಮಾವಿನ ಪರಿಮಳಕ್ಕೆ ಅಷ್ಟಾಗಿ ಅಡ್ಡಬರದ ನಿಂಬೆಹುಲ್ಲಿನಿಂದ ಆರಂಭಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಬಟ್ಟಿ ಇಳಿಸಿದ ಶುದ್ಧ ತೈಲವೇ ಬೇಕು. ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿದ ಮಸಾಜ್ ಎಣ್ಣೆ ಇದಕ್ಕೆ ಆಗದು.

ಪ್ರಮಾಣವನ್ನು ಹಣ್ಣಿನ ತೂಕದಿಂದಲ್ಲ, ಪಾತ್ರೆಯಲ್ಲಿ ಉಳಿಯುವ ಗಾಳಿಯಿಂದ ಲೆಕ್ಕ ಹಾಕಬೇಕು. ಒಂದು ಕಿಲೋ ಮಾವು ಸರಿಸುಮಾರು ಒಂದು ಲೀಟರ್ ಜಾಗ ಹಿಡಿಯುವುದರಿಂದ, 60 ಲೀಟರ್ ಡ್ರಮ್ಮಿನಲ್ಲಿ 10 ಕಿಲೋ ಕಾಯಿ ಇಟ್ಟರೆ 50 ಲೀಟರ್ ಗಾಳಿ ಉಳಿಯುತ್ತದೆ. ಲೀಟರ್ ಗಾಳಿಗೆ 50 ಮೈಕ್ರೋಲೀಟರ್‌ನಂತೆ 2.5 ಮಿಲಿಲೀಟರ್ ತೈಲ ಸಾಕು. ಡ್ರಮ್ಮನ್ನು ಇದಕ್ಕಿಂತ ಒತ್ತಾಗಿ ತುಂಬಬೇಡಿ. ಕೊಯ್ದ ಮೇಲೂ ಕಾಯಿ ಉಸಿರಾಡುತ್ತಲೇ ಇರುತ್ತದೆ. ಮುಚ್ಚಿದ ಜಾಗದಲ್ಲಿ ಆಮ್ಲಜನಕ ತೀರಿದರೆ ಹಣ್ಣಿಗೆ ಹುಳಿತ ವಾಸನೆ ಹತ್ತುತ್ತದೆ.

ತೈಲವನ್ನು ಸಿರಿಂಜಿನಿಂದ ಅಳೆದು, ಗಾಜಿನ ಅಥವಾ ಸ್ಟೀಲ್ ತಟ್ಟೆಯಲ್ಲಿಟ್ಟ ಹತ್ತಿಗೆ ಹಾಕಿ, ಕಾಯಿಗಳಿಗೆ ತಾಗದಂತೆ ಇರಿಸಿ ಮುಚ್ಚಳ ಬಿಗಿಮಾಡಿ. ಥರ್ಮಾಕೋಲ್ ಪೆಟ್ಟಿಗೆ ಬೇಡ, ತೈಲ ಅದನ್ನು ಕರಗಿಸುತ್ತದೆ. ತೈಲ ಚರ್ಮವನ್ನೂ ಕಣ್ಣನ್ನೂ ಉರಿಸುವುದರಿಂದ ಕೈಗವಸು ಧರಿಸಿ, ಒಲೆಯ ಹತ್ತಿರ ಈ ಕೆಲಸ ಮಾಡಬೇಡಿ. ಕೋಣೆಯ ಉಷ್ಣಾಂಶದಲ್ಲಿ ಸಂಜೆ ಮುಚ್ಚಿದ್ದನ್ನು ಬೆಳಿಗ್ಗೆ ತೆರೆದು, ಹತ್ತಿಯನ್ನು ತೆಗೆದು, ಕಾಯಿಗಳಿಗೆ ಚೆನ್ನಾಗಿ ಗಾಳಿಯಾಡಿಸಿ. ಆಮೇಲೆ ಶೀತಲಗೃಹದಲ್ಲಿ ಇಡುವುದಾದರೆ ಉಷ್ಣಾಂಶ 12–13 ಡಿಗ್ರಿಗಿಂತ ಕೆಳಗಿಳಿಯಬಾರದು. ಇಳಿದರೆ ಚಳಿಯಿಂದಲೇ ಸಿಪ್ಪೆ ಕಪ್ಪಾಗುತ್ತದೆ.

ಇಡೀ ಫಸಲಿಗೆ ಒಮ್ಮೆಲೇ ಆವಿ ಕೊಡದೆ, ಮೊದಲು ಒಂದೇ ಮರದ ಕಾಯಿಗಳಲ್ಲಿ ಅರ್ಧಕ್ಕೆ ಆವಿ ಕೊಟ್ಟು ಉಳಿದರ್ಧವನ್ನು ಹಾಗೆಯೇ ಹಣ್ಣಾಗಲು ಬಿಟ್ಟು, ಎರಡರಲ್ಲೂ ಕೊಳೆತವನ್ನು ಎಣಿಸಿ, ರುಚಿ ನೋಡಿ. ಆವಿ ಕೊಟ್ಟ ಹಣ್ಣಿನ ಸಿಪ್ಪೆ ಕಂದಾಗಿದ್ದರೆ ಅಥವಾ ತಿರುಳಿಗೆ ತೈಲದ ವಾಸನೆ ಹತ್ತಿದ್ದರೆ ಮುಂದಿನ ಸಲ ತೈಲವನ್ನು ಅರ್ಧಕ್ಕೆ ಇಳಿಸಿ.