ಎಳ್ಳಿನ ತಳಿಗಳ ಇಳುವರಿ ಸ್ಥಿರತೆಯನ್ನು ಅಳೆಯುವ ಬಗೆ

ಎಳ್ಳಿನ ತಳಿಯೊಂದು ಒಂದು ಹೊಲದಲ್ಲಿ ಒಂದು ವರ್ಷ ಚೆನ್ನಾಗಿ ಬಂದಿತೆಂಬ ಕಾರಣಕ್ಕೆ ಅದನ್ನು ಇಡೀ ಜಿಲ್ಲೆಗೆ ಶಿಫಾರಸು ಮಾಡುವುದು ಸರಿಯಲ್ಲ. ಬುಡದಲ್ಲಿ ನೀರು ನಿಂತರೆ ಸೊರಗುವ, ಹೂ ಬಿಡುವಾಗ ಮಳೆ ಕೈಕೊಟ್ಟರೆ ಕಾಯಿ ಕಡಿಮೆಯಾಗುವ ಈ ಬೆಳೆಯಲ್ಲಿ ತಳಿಗಳ ಮೇಲುಕೀಳು ಊರಿನಿಂದ ಊರಿಗೆ, ಹಂಗಾಮಿನಿಂದ ಹಂಗಾಮಿಗೆ ಬದಲಾಗುತ್ತದೆ.

ತಳಿಯೊಂದರ ಇಳುವರಿ ಹೀಗೆ ಎಷ್ಟು ಏರಿಳಿಯುತ್ತದೆ, ಎಷ್ಟು ಸ್ಥಿರವಾಗಿರುತ್ತದೆ ಎಂದು ಅಳೆಯಲು ಮೊದಲು ಪರಿಸರಗಳನ್ನು ಆರಿಸಿಕೊಳ್ಳಬೇಕು. ಸ್ಥಳ, ಹಂಗಾಮು ಮತ್ತು ವರ್ಷ ಇವುಗಳ ಪ್ರತಿಯೊಂದು ಜೋಡಣೆಯೂ ಒಂದು ಪರಿಸರವೆನಿಸುತ್ತದೆ. ದಕ್ಷಿಣ ಕರ್ನಾಟಕದ ಕೆಂಪು ಮಣ್ಣಿನ ಪೂರ್ವ ಮುಂಗಾರು ಬಿತ್ತನೆ, ಉತ್ತರ ಕರ್ನಾಟಕದ ಮಳೆಯಾಶ್ರಿತ ಮುಂಗಾರು ಬೆಳೆ, ನೀರಾವರಿಯ ಬೇಸಿಗೆ ಬೆಳೆ ಹೀಗೆ ಒಂದಕ್ಕೊಂದು ಹೋಲದ ಸ್ಥಿತಿಗಳನ್ನೇ ಹುಡುಕಿ ಸೇರಿಸಬೇಕು. ಎಲ್ಲ ಕಡೆಯೂ ಅವೇ ತಳಿಗಳು, ಕನಿಷ್ಠ ಮೂರು ಪುನರಾವರ್ತನೆಗಳು (ಅಂದರೆ ಪ್ರತಿ ತಳಿಗೂ ಬೇರೆ ಬೇರೆ ಮೂರು ಮಡಿಗಳು) ಮತ್ತು ರೈತರು ಈಗಾಗಲೇ ಬೆಳೆಯುತ್ತಿರುವ, ಧಾರವಾಡದ ಡಿಎಸ್ಎಸ್-9ರಂತಹ ಒಂದು ತಳಿ ಹೋಲಿಕೆಗಾಗಿ ಇರಬೇಕು.

ಹೊಲದಲ್ಲಿ ಆಗುವ ತಪ್ಪು ಲೆಕ್ಕದಲ್ಲಿ ಸರಿಹೋಗುವುದಿಲ್ಲವಾದ್ದರಿಂದ ಎರಡು ಕೆಲಸಗಳಿಗೆ ವಿಶೇಷ ಗಮನ ಕೊಡಬೇಕು. ಬೀಜ ತೀರ ಸಣ್ಣದಾದ್ದರಿಂದ ಮರಳಿನೊಡನೆ ಬೆರೆಸಿ ಬಿತ್ತಿ, ಹದಿನೈದು ಇಪ್ಪತ್ತು ದಿನಗಳೊಳಗೆ ಹೆಚ್ಚುವರಿ ಸಸಿಗಳನ್ನು ಕಿತ್ತು, ಸಾಲಿನಲ್ಲಿ ಸುಮಾರು 15 ಸೆಂ.ಮೀ.ಗೊಂದು ಗಿಡ ಉಳಿಸಬೇಕು. ಇಲ್ಲವಾದರೆ ಗಿಡಗಳ ಸಂಖ್ಯೆಯ ವ್ಯತ್ಯಾಸವೇ ತಳಿಯ ಗುಣದಂತೆ ಕಾಣುತ್ತದೆ. ಕಟಾವನ್ನು ಎಲ್ಲ ತಳಿಗಳಿಗೂ ಒಂದೇ ದಿನ ಮಾಡದೆ, ಆಯಾ ತಳಿಯ ಕೆಳಗಿನ ಕಾಯಿಗಳು ಹಳದಿಗೆ ತಿರುಗಿದಾಗ ಮಾಡಿ, ಸಿವುಡುಗಳನ್ನು ಟಾರ್ಪಾಲಿನ ಮೇಲೆಯೇ ನಿಲ್ಲಿಸಿ ಒಣಗಿಸಬೇಕು. ಕಾಯಿ ಬಿರಿದು ಉದುರಿದ ಕಾಳನ್ನೂ ಅದೇ ಮಡಿಯ ತೂಕಕ್ಕೆ ಸೇರಿಸಬೇಕು.

ಬಳಿಕ ತಳಿ ಮತ್ತು ಪರಿಸರಗಳ ಪರಸ್ಪರ ಕ್ರಿಯೆ, ಅಂದರೆ ಪರಿಸರ ಬದಲಾದಂತೆ ತಳಿಗಳ ನಡುವಿನ ವ್ಯತ್ಯಾಸವೂ ಬದಲಾಗುವುದು, ಅಂಕಿಅಂಶದ ದೃಷ್ಟಿಯಿಂದ ಗಣನೀಯವೇ, ಬರಿಯ ಆಕಸ್ಮಿಕವಲ್ಲವೇ ಎಂದು ಪರೀಕ್ಷಿಸಬೇಕು. ಗಣನೀಯವಾಗಿದ್ದರೆ, ವಿಜ್ಞಾನಿಗಳಾದ ಎಬರ್‌ಹಾರ್ಟ್ ಮತ್ತು ರಸೆಲ್ 1966ರಲ್ಲಿ ಮುಂದಿಟ್ಟ ವಿಧಾನ ಇಂದಿಗೂ ಕಲಿಯಲು ಸುಲಭವಾದದ್ದು. ಒಂದು ಪರಿಸರದಲ್ಲಿ ಎಲ್ಲ ತಳಿಗಳ ಸರಾಸರಿಯಿಂದ ಒಟ್ಟು ಸರಾಸರಿಯನ್ನು ಕಳೆದರೆ ಆ ಪರಿಸರದ ಸೂಚ್ಯಂಕ ಸಿಗುತ್ತದೆ. ಮೂರು ಪರಿಸರಗಳ ಸರಾಸರಿ ಹೆಕ್ಟೇರಿಗೆ 300, 450 ಮತ್ತು 600 ಕಿಲೊ ಎಂದಿಟ್ಟುಕೊಂಡರೆ ಸೂಚ್ಯಂಕಗಳು -150, 0 ಮತ್ತು +150 ಆಗುತ್ತವೆ. ಒಂದು ತಳಿ ಅಲ್ಲಿ 340, 460, 580 ಕಿಲೊ, ಇನ್ನೊಂದು 230, 460, 690 ಕಿಲೊ ಕೊಟ್ಟಿದೆಯೆನ್ನೋಣ. ಎರಡರ ಸರಾಸರಿಯೂ 460 ಕಿಲೊ. ಆದರೆ ಹಿಂಚಲನ ಗುಣಾಂಕ, ಅಂದರೆ ಸೂಚ್ಯಂಕ ಒಂದು ಕಿಲೊ ಏರಿದಾಗ ತಳಿಯ ಇಳುವರಿ ಎಷ್ಟು ಕಿಲೊ ಏರುತ್ತದೆಂಬುದು, ಮೊದಲನೆಯದಕ್ಕೆ 0.8, ಎರಡನೆಯದಕ್ಕೆ ಸುಮಾರು 1.53. ಮಳೆಯನ್ನೇ ನಂಬಿದ ಬಡ ಮಣ್ಣಿನ ರೈತನಿಗೆ ಮೊದಲನೆಯದನ್ನೂ, ನೀರು ಗೊಬ್ಬರ ಒದಗಿಸಬಲ್ಲವನಿಗೆ ಎರಡನೆಯದನ್ನೂ ಸೂಚಿಸುವುದು ನ್ಯಾಯ. ಸರಾಸರಿ ಹೆಚ್ಚಿದ್ದು, ಗುಣಾಂಕ 1ರ ಸಮೀಪವಿದ್ದು, ಈ ಗುಣಾಂಕದಂತೆ ಎಳೆದ ಹಿಂಚಲನ ರೇಖೆಯಿಂದ ನಿಜವಾದ ಇಳುವರಿಗಳು ದೂರ ಸರಿದಿರುವ ಪ್ರಮಾಣ, ಅಂದರೆ ವಿಚಲನೆ, ಸೊನ್ನೆಗೆ ಹತ್ತಿರವಿದ್ದರೆ ಆ ತಳಿ ಎಲ್ಲೆಡೆಗೂ ಒಗ್ಗುತ್ತದೆ. ಮೂರು ಪರಿಸರಗಳ ಲೆಕ್ಕ ಕಲಿಕೆಗಷ್ಟೇ ಸಾಕು; ವಿಚಲನೆಯನ್ನು ನಂಬಬೇಕಾದರೆ ಇನ್ನೂ ಹಲವು ಪರಿಸರಗಳ ಅಂಕಿಗಳು ಬೇಕು.

ವಿಚಲನೆ ದೊಡ್ಡದಾಗಿದ್ದರೆ ತಳಿಯನ್ನು ತಕ್ಷಣ ಕೈಬಿಡದೆ, ಅದು ಯಾವ ಪರಿಸರದಲ್ಲಿ ರೇಖೆ ತಪ್ಪಿದೆಯೆಂದು ನೋಡಬೇಕು. ಜಿಗಿಹುಳುಗಳು ಹರಡುವ, ಹೂವುಗಳೇ ಎಲೆಗಳಂತಾಗಿ ಕಾಯಿ ಕಟ್ಟದ ರೋಗ ಅಲ್ಲಿ ಬಿದ್ದಿತ್ತೇ ಎಂಬುದು, ಪ್ರತಿ ಮಡಿಯಲ್ಲೂ ರೋಗದ ಗಿಡಗಳನ್ನು ಆಗಲೇ ಎಣಿಸಿ ಬರೆದಿಟ್ಟಿದ್ದರೆ ಮಾತ್ರ ಗೊತ್ತಾಗುತ್ತದೆ.