ಶೇಕಡಾ ಲೆಕ್ಕಕ್ಕೆ ಮೊದಲು ಕೇಳಿ: ‘ಯಾವುದರ ಮೇಲೆ?’

ಆಷಾಢ ಬಂತೆಂದರೆ ಬಟ್ಟೆ ಅಂಗಡಿಗಳ ಮುಂದೆ ಬ್ಯಾನರ್ ಏಳುತ್ತದೆ. ‘ಶೇ 50 + ಶೇ 20 ರಿಯಾಯಿತಿ’. ನೋಡಿದವರು ಮನಸ್ಸಿನಲ್ಲೇ ಎರಡನ್ನೂ ಕೂಡಿಸಿ, ‘ಅಬ್ಬಾ, ಎಪ್ಪತ್ತು ಪರ್ಸೆಂಟ್!’ ಅಂದುಕೊಂಡು ಒಳಗೆ ಹೋಗುತ್ತಾರೆ. ಬಿಲ್ಲಿನಲ್ಲಿ ಕಡಿಮೆಯಾಗುವುದು ಶೇ 60 ಮಾತ್ರ. ಅಂಗಡಿಯವರು ಸುಳ್ಳು ಹೇಳಿಲ್ಲ. ನಾವೇ ಒಂದು ಪ್ರಶ್ನೆ ಕೇಳುವುದನ್ನು ಮರೆತೆವು. ಆ ಇಪ್ಪತ್ತು ಪರ್ಸೆಂಟ್ ಯಾವುದರ ಮೇಲೆ?

ಶೇಕಡಾ ಎಂದರೆ ನೂರಕ್ಕೆ ಎಷ್ಟು ಎಂಬ ಲೆಕ್ಕ. ಇಷ್ಟು ಎಲ್ಲರಿಗೂ ಗೊತ್ತು. ಗುಣಿಸುವುದು, ಭಾಗಿಸುವುದನ್ನು ಮೊಬೈಲ್ ಮಾಡಿಕೊಡುತ್ತದೆ. ಆದರೆ ಯಾವ ಮೊತ್ತವನ್ನು ನೂರು ಎಂದು ಹಿಡಿಯಬೇಕು ಎನ್ನುವುದನ್ನು ಅದು ಹೇಳುವುದಿಲ್ಲ. ಮಕ್ಕಳು ಪರೀಕ್ಷೆಯಲ್ಲಿ, ದೊಡ್ಡವರು ಅಂಗಡಿಯಲ್ಲಿ ಎಡವುವುದು ಇಲ್ಲೇ.

ಬಾಯಿಲೆಕ್ಕಕ್ಕೆ ಎರಡು ಗೂಟ

ಮೊದಲು ಕೈ ಸಲೀಸಾಗಲಿ. ಯಾವ ಮೊತ್ತವೇ ಇರಲಿ, ಅದರ ಶೇ 10 ಮತ್ತು ಶೇ 1 ಕಂಡುಹಿಡಿದುಕೊಳ್ಳಿ. 840 ರೂಪಾಯಿಗೆ ಶೇ 10 ಎಂದರೆ 84. ಶೇ 1 ಎಂದರೆ 8.40. ದಶಮಾಂಶ ಬಿಂದುವನ್ನು ಎಡಕ್ಕೆ ಒಂದು ಮನೆ, ಎರಡು ಮನೆ ಸರಿಸಿದರೆ ಆಯಿತು. ಉಳಿದದ್ದೆಲ್ಲ ಇವುಗಳಿಂದಲೇ ಹುಟ್ಟುತ್ತದೆ. ಶೇ 5 ಬೇಕಾ? 84ರ ಅರ್ಧ, 42. ಶೇ 15? 84 ಮತ್ತು 42 ಸೇರಿ 126. ಶೇ 18ಕ್ಕೆ ಒದ್ದಾಡಬೇಡಿ. ಶೇ 20 ಎಂದರೆ 168, ಅದರಲ್ಲಿ ಶೇ 2 ಅಂದರೆ 16.80 ಕಳೆಯಿರಿ. 151.20.

ಇನ್ನೊಂದು ಉಪಾಯ ಮಕ್ಕಳಿಗೆ ತುಂಬಾ ಇಷ್ಟವಾಗುತ್ತದೆ. 25ರ ಶೇ 36 ಎಷ್ಟು ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ತಿರುಗಿಸಿ ಕೇಳಿ: 36ರ ಶೇ 25 ಎಷ್ಟು? ಕಾಲು ಭಾಗ, 9. ಎರಡಕ್ಕೂ ಉತ್ತರ ಒಂದೇ. 36 × 25ನ್ನು ನೂರರಿಂದ ಭಾಗಿಸುವುದು ತಾನೆ ಎರಡೂ ಕಡೆ?

ಮಾರ್ಕ್ಸ್ ಕಾರ್ಡ್

2025ರ ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಕ್ಕೆ ನೂರು ನೂರು ಅಂಕ. ಒಟ್ಟು 625. ಈ ಸಂಖ್ಯೆ ನೋಡಲು ವಿಚಿತ್ರ, ಲೆಕ್ಕಕ್ಕೆ ಸಿಹಿ. 625ನ್ನು 16ರಿಂದ ಗುಣಿಸಿದರೆ ಸರಿಯಾಗಿ 10,000 ಬರುತ್ತದೆ. ಹಾಗಾಗಿ ಬಂದ ಅಂಕವನ್ನು 16ರಿಂದ ಗುಣಿಸಿ, ಕೊನೆಯ ಎರಡು ಅಂಕಿಗಳ ಮುಂದೆ ಚುಕ್ಕಿ ಇಟ್ಟರೆ ಅದೇ ಶೇಕಡಾ. 571 ಬಂದಿದೆ ಅನ್ನಿ. ಹದಿನಾರರ ಮಗ್ಗಿ ಬಾರದಿದ್ದರೂ ಚಿಂತೆಯಿಲ್ಲ, ನಾಲ್ಕು ಸಲ ದುಪ್ಪಟ್ಟು ಮಾಡಿ: 1142, 2284, 4568, 9136. ಅಂದರೆ ಶೇ 91.36. ಪಿಯುಸಿಗೆ ಇನ್ನೂ ಸುಲಭ. ಒಟ್ಟು 600, ಆರರಿಂದ ಭಾಗಿಸಿ. 528 ಬಂದರೆ ಶೇ 88.

ಮಕ್ಕಳು ಜಾಸ್ತಿ ತಪ್ಪುವುದು ಸರಾಸರಿಯಲ್ಲಿ. ಕಿರುಪರೀಕ್ಷೆಯಲ್ಲಿ 25ಕ್ಕೆ 20, ಅಂದರೆ ಶೇ 80. ದೊಡ್ಡ ಪರೀಕ್ಷೆಯಲ್ಲಿ 100ಕ್ಕೆ 45, ಅಂದರೆ ಶೇ 45. ಎರಡನ್ನೂ ಕೂಡಿಸಿ ಅರ್ಧ ಮಾಡಿ ‘ಶೇ 62.5’ ಎಂದು ಮನೆಯಲ್ಲಿ ಹೇಳಿದರೆ ಅಪ್ಪ ಅಮ್ಮ ಖುಷಿಪಡಬಹುದು, ಲೆಕ್ಕ ಮಾತ್ರ ತಪ್ಪು. ಒಟ್ಟು 125ಕ್ಕೆ 65 ಬಂದಿದೆ, ಶೇ 52. ಎರಡು ಶೇಕಡಾಗಳ ತಳ, ಅಂದರೆ ನೂರು ಎಂದು ಹಿಡಿದ ಮೊತ್ತ, ಬೇರೆ ಬೇರೆ ಇದ್ದಾಗ ಅವನ್ನು ನೇರವಾಗಿ ಕೂಡಿಸುವಂತಿಲ್ಲ.

ರಿಯಾಯಿತಿ: ಕಳೆಯಬೇಡಿ, ಉಳಿದದ್ದನ್ನು ಹಿಡಿಯಿರಿ

ಈಗ ಆಷಾಢದ ಬ್ಯಾನರ್‌ಗೆ ಬರೋಣ. ಸೀರೆಯ ಬೆಲೆ 2,000. ಶೇ 50 ಹೋದರೆ 1,000. ಮುಂದಿನ ಶೇ 20 ಈ ಸಾವಿರದ ಮೇಲೆ. 200 ಹೋಗಿ 800 ಉಳಿಯಿತು. ಕಡಿಮೆಯಾಗಿದ್ದು 1,200, ಅಂದರೆ ಶೇ 60. ಇದನ್ನೇ ಬೇಗ ಮಾಡಬೇಕಾದರೆ ಹೋಗುವುದನ್ನು ಬಿಟ್ಟು ಉಳಿಯುವುದನ್ನು ಗುಣಿಸಿ: 2,000 × 0.50 × 0.80. ಮೊದಲು ಇಪ್ಪತ್ತು ತೆಗೆದು ಆಮೇಲೆ ಐವತ್ತು ತೆಗೆದರೂ ಉತ್ತರ ಅಷ್ಟೇ.

ಆದರೆ ಶೇ 20ರ ಜೊತೆಗೆ 300 ರೂಪಾಯಿ ಕೂಪನ್ ಇದ್ದರೆ ಕ್ರಮ ಮುಖ್ಯ. 2,000ಕ್ಕೆ ಮೊದಲು ಶೇ 20 ತೆಗೆಸಿ, ನಂತರ ಕೂಪನ್ ಕೊಟ್ಟರೆ 1,300 ಕೊಡಬೇಕು. ಕೂಪನ್ ಮೊದಲು ಕೊಟ್ಟರೆ 1,360. ಅರವತ್ತು ರೂಪಾಯಿ ಸುಮ್ನೆ ಹೋಯಿತು.

‘ಶೇ 25 ಹೆಚ್ಚುವರಿ ಉಚಿತ’ ಎಂಬ ಬಿಸ್ಕತ್ ಪೊಟ್ಟಣವನ್ನೂ ಹೀಗೇ ನೋಡಿ. 100 ಗ್ರಾಂ ದುಡ್ಡಿಗೆ 125 ಗ್ರಾಂ. ಉಚಿತ ಸಿಕ್ಕಿದ 25, ಒಟ್ಟು 125ರಲ್ಲಿ ಐದನೇ ಒಂದು ಭಾಗ. ಅಂದರೆ ನಿಜವಾದ ರಿಯಾಯಿತಿ ಶೇ 20. ಎರಡು ಕೊಂಡರೆ ಒಂದು ಉಚಿತ ಎಂದರೆ ಶೇ 33.33. ‘ಶೇ 70ರವರೆಗೆ’ ಎಂಬ ಬೋರ್ಡಿನಲ್ಲಿ ‘ವರೆಗೆ’ ಎಷ್ಟು ಸಣ್ಣ ಅಕ್ಷರದಲ್ಲಿರುತ್ತದೆ ಎಂದು ಗಮನಿಸಿದ್ದೀರಿ ಅಲ್ವಾ?

ಹಿಂದಕ್ಕೆ ಹೋಗುವ ಲೆಕ್ಕ

ಶೇ 15 ರಿಯಾಯಿತಿಯ ನಂತರ ಅಂಗಿಗೆ 765 ರೂಪಾಯಿ. ಮೊದಲ ಬೆಲೆ ಎಷ್ಟು? 765ಕ್ಕೆ ಶೇ 15 ಸೇರಿಸಿದರೆ 879.75 ಬರುತ್ತದೆ, ಅದು ತಪ್ಪು. ರಿಯಾಯಿತಿ ಕೊಟ್ಟಿದ್ದು ಹಳೆಯ ಬೆಲೆಯ ಮೇಲೆ. ಆ ಹಳೆಯ ಬೆಲೆ 100 ಆದರೆ ಈಗಿನದು 85. ಹಾಗಾಗಿ 765ನ್ನು 85ರಿಂದ ಭಾಗಿಸಿ, 100ರಿಂದ ಗುಣಿಸಿ. 900.

ತೆರಿಗೆ ಸೇರಿದ ಬೆಲೆಗೂ ಇದೇ ದಾರಿ. ಶೇ 18 ಜಿಎಸ್‌ಟಿ ಸೇರಿ 1,180 ಆದರೆ, 118ರಿಂದ ಭಾಗಿಸಿ 100ರಿಂದ ಗುಣಿಸಿ. ವಸ್ತುವಿನ ಬೆಲೆ 1,000, ತೆರಿಗೆ 180. 1,180ಕ್ಕೆ ನೇರವಾಗಿ ಶೇ 18 ಹಾಕಿ 212 ಎನ್ನುವಂತಿಲ್ಲ.

2025ರ ಸೆಪ್ಟೆಂಬರ್ 22ರಿಂದ ಶಾಂಪೂ, ಟೂತ್‌ಪೇಸ್ಟ್, ಮೈಸೋಪುಗಳ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿಯಿತು. ‘ಹದಿಮೂರು ಪರ್ಸೆಂಟ್ ಅಗ್ಗ ಆಗಬೇಕಿತ್ತು’ ಎಂದು ಬಹಳ ಜನ ಲೆಕ್ಕ ಹಾಕಿದರು. ಮಾಡಿ ನೋಡಿ. ತೆರಿಗೆ ಇಲ್ಲದ ಬೆಲೆ 100 ಇದ್ದರೆ, ಮೊದಲು ಕೊಡುತ್ತಿದ್ದುದು 118, ಈಗ 105. ಉಳಿದ 13 ರೂಪಾಯಿಯನ್ನು 118ರ ಮೇಲೆ ಅಳೆದರೆ ಶೇ 11 ಆಗುತ್ತದೆ. ತೆರಿಗೆ ದರ ಇಳಿದಿದ್ದು 13 ಶೇಕಡಾ ಅಂಶ, ಬೆಲೆ ಇಳಿಯಬೇಕಾದದ್ದು ಶೇ 11.

ಹೋಟೆಲ್ ಬಿಲ್ಲಿನಲ್ಲಿ ಸಿಜಿಎಸ್‌ಟಿ ಶೇ 2.5, ಎಸ್‌ಜಿಎಸ್‌ಟಿ ಶೇ 2.5 ಎಂದಿರುತ್ತದೆ. ಇವನ್ನು ಕೂಡಿಸಿ ಶೇ 5 ಎನ್ನಬಹುದು, ಏಕೆಂದರೆ ಎರಡೂ ಒಂದೇ ಮೊತ್ತದ ಮೇಲೆ ಬೀಳುತ್ತವೆ. ಇನ್ನು ಪೊಟ್ಟಣದ ಮೇಲೆ ಮುದ್ರಿಸಿದ ಎಂಆರ್‌ಪಿಯಲ್ಲಿ ಎಲ್ಲ ತೆರಿಗೆ ಸೇರಿರುತ್ತದೆ. ಅದರ ಮೇಲೆ ಯಾರಾದರೂ ಮತ್ತೆ ಜಿಎಸ್‌ಟಿ ಹಾಕಿದರೆ ಬಿಡದೆ ಕೇಳಿ.

ಚಿನ್ನದ ಬಿಲ್ಲು

ಒಡವೆಯ ಮೇಲಿನ 916 ಮುದ್ರೆಯೂ ಶೇಕಡಾ ಲೆಕ್ಕವೇ. 22 ಕ್ಯಾರೆಟ್ ಎಂದರೆ 24ರಲ್ಲಿ 22 ಪಾಲು ಚಿನ್ನ, ಸುಮಾರು ಶೇ 91.6. 18 ಕ್ಯಾರೆಟ್‌ಗೆ 750, ಅಂದರೆ ಶೇ 75.

ಲೆಕ್ಕಕ್ಕೆಂದು ಗ್ರಾಂಗೆ 10,000 ಇಟ್ಟುಕೊಂಡು 10 ಗ್ರಾಂ ಸರ ಕೊಳ್ಳೋಣ. ಚಿನ್ನಕ್ಕೆ 1,00,000. ಮೇಕಿಂಗ್ (ಒಡವೆ ಮಾಡುವ ಕೂಲಿ) ಶೇ 12, ಅಂದರೆ 12,000. ಒಟ್ಟು 1,12,000ಕ್ಕೆ ಶೇ 3 ಜಿಎಸ್‌ಟಿ 3,360. ಕೊಡಬೇಕಾದದ್ದು 1,15,360. ಹಬ್ಬಕ್ಕೆ ಅಂಗಡಿಯವರು ‘ಮೇಕಿಂಗ್ ಮೇಲೆ ಶೇ 50 ರಿಯಾಯಿತಿ’ ಎಂದರು. ಮೇಕಿಂಗ್‌ನಲ್ಲಿ 6,000, ಅದರ ತೆರಿಗೆ 180, ಒಟ್ಟು 6,180 ಉಳಿಯಿತು. ಇಡೀ ಬಿಲ್ಲಿನ ಮೇಲೆ ನೋಡಿದರೆ ಸುಮಾರು ಶೇ 5.4. ಆರು ಸಾವಿರ ಸಣ್ಣ ಮೊತ್ತವೇನಲ್ಲ. ಆದರೆ ಪಕ್ಕದ ಅಂಗಡಿಯಲ್ಲಿ ಮೇಕಿಂಗ್ ರಿಯಾಯಿತಿ ಇಲ್ಲದೆಯೇ ಶೇ 6 ಇದ್ದರೆ ಎರಡೂ ಒಂದೇ. ಹಾಗಾಗಿ ರಿಯಾಯಿತಿ ಎಷ್ಟು ಎಂದು ಕೇಳುವ ಮೊದಲು ಮೇಕಿಂಗ್ ಎಷ್ಟು ಎಂದು ಕೇಳಿ.

ಮೂರು ರೂಪಾಯಿ ಬಡ್ಡಿ

ಕೈಸಾಲದಲ್ಲಿ ‘ಮೂರು ರೂಪಾಯಿ ಬಡ್ಡಿ’ ಎನ್ನುತ್ತಾರಲ್ಲ, ಅದು ನೂರಕ್ಕೆ, ತಿಂಗಳಿಗೆ. ಬ್ಯಾಂಕಿನವರು ಹೇಳುವುದು ವರ್ಷಕ್ಕೆ. ಹೋಲಿಸಬೇಕಾದರೆ ಹನ್ನೆರಡರಿಂದ ಗುಣಿಸಿ: ವರ್ಷಕ್ಕೆ ಶೇ 36. ಬ್ಯಾಂಕಿನ ಶೇ 12 ಸಾಲ ಊರ ಭಾಷೆಯಲ್ಲಿ ಒಂದು ರೂಪಾಯಿ ಬಡ್ಡಿ. 50,000ಕ್ಕೆ ಮೂರು ರೂಪಾಯಿಯಂತೆ ತಿಂಗಳಿಗೆ 1,500, ವರ್ಷಕ್ಕೆ 18,000, ಅಸಲು ಹಾಗೇ ಇರುತ್ತದೆ.

ಬಡ್ಡಿಯನ್ನು ಮೊದಲೇ ಮುರಿದುಕೊಂಡು ಕೊಡುವವರ ಹತ್ತಿರ ಇನ್ನೂ ಹುಷಾರು ಬೇಕು. ತಿಂಗಳಿಗೆ ಹತ್ತು ರೂಪಾಯಿ ಬಡ್ಡಿಗೆ 10,000 ಸಾಲ ಎಂದು ಬರೆಸಿಕೊಂಡು, 1,000 ಹಿಡಿದು 9,000 ಕೈಗೆ ಕೊಡುತ್ತಾರೆ. ತಿಂಗಳ ಕೊನೆಗೆ ನೀವು ಕೊಡಬೇಕಾದದ್ದು ಪೂರ್ತಿ 10,000. ನಿಮಗೆ ಸಿಕ್ಕಿದ್ದು 9,000 ತಾನೆ? ಬಡ್ಡಿಯನ್ನು ಅದರ ಮೇಲೆಯೇ ಅಳೆಯಿರಿ: ಹತ್ತು ರೂಪಾಯಿ ಎಂದವರು ನೂರಕ್ಕೆ ತೆಗೆದುಕೊಂಡಿದ್ದು 11 ರೂಪಾಯಿ 11 ಪೈಸೆ.