ದಾಸವಾಳ ಬಿಡಿಸಿ ನೋಡೋಣ: ಪುಟ್ಟ ತರಗತಿಗೊಂದು ಹೂವಿನ ಪಾಠ

ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಹೂವಿನ ಭಾಗ ಕಲಿಸಲು ಐದು ಎಸಳಿನ ಕೆಂಪು ದಾಸವಾಳದಷ್ಟು ಅನುಕೂಲದ ಹೂ ಇನ್ನೊಂದಿಲ್ಲ. ಭಾಗಗಳೆಲ್ಲ ಬರಿಗಣ್ಣಿಗೇ ಕಾಣುತ್ತವೆ. ಒತ್ತೊತ್ತಾಗಿ ಎಸಳಿರುವ ಮುದ್ದೆ ದಾಸವಾಳ ಬೇಡ. ಅದರಲ್ಲಿ ಪರಾಗ ಹೊರುವ ಎಳೆಗಳಾದ ಕೇಸರಗಳೇ ಎಸಳಾಗಿಬಿಟ್ಟಿರುತ್ತವೆ. ಗುಲಾಬಿಯ ಪಾಡೂ ಹೆಚ್ಚುಕಮ್ಮಿ ಅಷ್ಟೇ.

ದಾಸವಾಳ ಬೆಳಗ್ಗೆ ಅರಳಿ ಸಂಜೆಗೆ ಮುದುಡುತ್ತದೆ. ಹಾಗಾಗಿ ಅಂದೇ ಕೊಯ್ದ ಹೂ ತನ್ನಿ, ಪಾಠ ಮೊದಲ ಪೀರಿಯಡ್‌ನಲ್ಲೇ ಆಗಲಿ. ಇಬ್ಬರು ಮಕ್ಕಳಿಗೆ ಒಂದು ಹೂ. 30 ಮಕ್ಕಳಿದ್ದರೆ 15, ಕೈತಪ್ಪಿ ಹರಿಯುವುದಕ್ಕೆ ಇನ್ನು ನಾಲ್ಕು. ಕೊಯ್ಯುವಾಗ ತೊಟ್ಟು ಇರಲಿ. ಒಳಗೆ ಇರುವೆ ಇರುತ್ತವೆ, ಒಮ್ಮೆ ಕೊಡವಿ. ಜೋಡಿಗೊಂದು ಬಿಳಿ ಹಾಳೆ, ಒಂದು ಚೂರು ಕಪ್ಪು ಕಾಗದ, ಹಳೇ ಪೇಪರ್, ಸೆಲ್ಲೋಟೇಪ್ ಸಾಕು. ಬ್ಲೇಡು ಮೇಷ್ಟ್ರ ಕೈಯಲ್ಲಷ್ಟೇ.

ಹೊರಗಿನಿಂದ ಒಳಕ್ಕೆ ಬಿಡಿಸಬೇಕು. ತೊಟ್ಟಿನ ತುದಿಯಲ್ಲಿ ಮೊದಲು ಸಿಗುವುದು ಆರೇಳು ಸಣ್ಣ ಹಸಿರು ಪಟ್ಟಿಗಳು. ಹೂವಿನ ಸಾಮಾನ್ಯ ಚಿತ್ರಗಳಲ್ಲಿ ಇವು ಇರುವುದಿಲ್ಲ, ಆದರೆ ಮಕ್ಕಳ ಕಣ್ಣು ಬಿಡುವುದಿಲ್ಲ. ಹೆಸರು ಬೇಡ, ಎಣಿಸಲಿ. ಅದರ ಮೇಲಿನ ಹಸಿರು ಬಟ್ಟಲೇ ಪುಷ್ಪಪಾತ್ರೆ. ಉಗುರಿನಿಂದ ಸೀಳಿ ತೆಗೆಯಬೇಕು. ಮುಂದಿನದು ಎಸಳು, ತಪ್ಪಾಗುವುದೂ ಇಲ್ಲೇ. ಎಸಳಿನ ಬುಡ ನಡುವಿನ ಕೊಳವೆಗೆ ಬೆಸೆದುಕೊಂಡಿರುತ್ತದೆ. ತುದಿ ಹಿಡಿದೆಳೆದರೆ ಎಸಳು ಹರಿಯುತ್ತದೆ, ಇಲ್ಲವೇ ಕೊಳವೆ ಸಮೇತ ಐದೂ ಕಿತ್ತುಬರುತ್ತವೆ. ಬುಡದಲ್ಲಿ ಹಿಡಿದು ಒಂದೊಂದಾಗಿ ಹೊರಕ್ಕೆ ಬಾಗಿಸಿ ತೆಗೆಯಲು ತೋರಿಸಿಕೊಡಿ. ಬುಡ ಸೀಳಿ ಮೂಗಿಗೆ ಅಂಟಿಸಿಕೊಂಡು ಹುಂಜ ಆಗುವವರು ಇದ್ದೇ ಇರುತ್ತಾರೆ, ಎರಡು ನಿಮಿಷ ಆಗಲಿ ಬಿಡಿ.

ಉಳಿದ ಕೋಲಿನ ಸುತ್ತ ಇರುವ ಹಳದಿ ಚುಕ್ಕೆಗಳನ್ನು ಬೆರಳಿನಿಂದ ಮುಟ್ಟಿ ಕಪ್ಪು ಕಾಗದಕ್ಕೆ ಒತ್ತಲಿ: ಪರಾಗ ಕಾಳುಕಾಳಾಗಿ ಕಾಣುತ್ತದೆ. ಶೀತ, ಉಬ್ಬಸ ಇರುವ ಮಕ್ಕಳು ಅದನ್ನು ಊದದಿರಲಿ. ಕೋಲಿನ ತುತ್ತತುದಿಯಲ್ಲಿ ಮಖಮಲ್ಲಿನಂಥ ಐದು ಗುಂಡುಗಳು, ಅವು ಪರಾಗ ಹಿಡಿಯುವ ಶಲಾಕಾಗ್ರ. ನೀವು ಕೊಳವೆಯನ್ನು ಉದ್ದಕ್ಕೆ ಸೀಳಿದರೆ ಆ ಗುಂಡುಗಳಿಂದ ಕೆಳಗಿಳಿಯುವ ನೂಲಿನಂಥ ಶಲಾಕೆ ಕಾಣುತ್ತದೆ. ಬುಡದ ಅಂಡಾಶಯವನ್ನು (ಮುಂದೆ ಕಾಯಿಯಾಗುವ ಭಾಗ) ಅಡ್ಡ ಕತ್ತರಿಸಿದರೆ ಐದು ಕೋಣೆ, ಒಳಗೆ ಬಿಳಿ ಮಣಿಗಳು. ಈ ಮಣಿಗಳಿಗೆ ಮಾತ್ರ ಭೂತಗನ್ನಡಿ ಬೇಕು.

ಈ ಹೂವಿನ ಲೋಳೆಗೆ ಗೋಂದು ಹಿಡಿಯುವುದಿಲ್ಲ. ಭಾಗಗಳನ್ನು ಪೇಪರ್ ನಡುವೆ ಹತ್ತು ನಿಮಿಷ ಒತ್ತಿಟ್ಟು ಆಮೇಲೆ ಬಿಳಿ ಹಾಳೆಗೆ ಟೇಪ್ ಹಾಕಿ ಅಂಟಿಸಿ. ಇಡೀ ಹೂ ಒಣಗಿಸಿ ಇಡಲು ಹೋದರೆ ಮಳೆಗಾಲದಲ್ಲಿ ಬೂಸ್ಟು ಖಂಡಿತ.

ಉದುರಿದ ಎಸಳು ಎಸೆಯಬೇಡಿ. ನಾಲ್ಕೈದನ್ನು ಅರ್ಧ ಲೋಟ ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಸೋಸಿ, ಮೂರು ಬಟ್ಟಲಿಗೆ ಹಂಚಿ. ಒಂದಕ್ಕೆ ನಿಂಬೆರಸ: ಕಡುಗುಲಾಬಿ. ಇನ್ನೊಂದಕ್ಕೆ ಸೋಪಿನ ನೀರು: ಹಸಿರು. ಮೂರನೆಯದು ಹೋಲಿಸಿ ನೋಡಲು ಹಾಗೇ ಇರಲಿ. ಎಲೆಯಡಿಕೆಯ ಸುಣ್ಣ ಮಾತ್ರ ತರಬೇಡಿ, ಕಣ್ಣಿಗೆ ಬಿದ್ದರೆ ಅಪಾಯ.

"ಇದರ ಬೀಜ ಎಲ್ಲಿ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಮನೆಯಂಗಳದ ದಾಸವಾಳ ಕಾಯಿ ಕಟ್ಟುವುದು ಅಪರೂಪ, ಕೊಂಬೆ ನೆಟ್ಟೇ ಬೆಳೆಸುತ್ತೇವೆ. ಉತ್ತರ ಸಿಗುವುದು ಕುಂಬಳದ ಬಳ್ಳಿಯಲ್ಲಿ. ಮೊದಲ ಕೆಲವು ದಿನ ಬರೀ ಗಂಡು ಹೂ ಬಂದರೆ ಗಾಬರಿ ಬೇಡ, ಅದು ಸಹಜ. ಹೆಣ್ಣು ಹೂವಿನ ಕೆಳಗೆ ಪುಟಾಣಿ ಕುಂಬಳ ಇರುತ್ತದೆ. ಬೆಳಗ್ಗೆ ಒಂಬತ್ತರೊಳಗೆ ಗಂಡು ಹೂವಿನ ಎಸಳು ತೆಗೆದು, ಹಳದಿ ಕಂಬವನ್ನು ಹೆಣ್ಣು ಹೂವಿನ ನಡುವೆ ಮೆತ್ತಗೆ ಉಜ್ಜಿ, ತೊಟ್ಟಿಗೆ ಕೆಂಪು ದಾರ ಕಟ್ಟಿ. ಪರಾಗ ತಾಗದಿದ್ದರೆ ಆ ಮಿಡಿ ಕೆಲವೇ ದಿನದಲ್ಲಿ ಹಳದಿಯಾಗಿ ಉದುರುತ್ತದೆ; ತಾಗಿದ್ದು ದಪ್ಪವಾಗುತ್ತ ಹೋಗುತ್ತದೆ.

ಮನೆಯಿಂದ ಹೂ ತರಲು ಹೇಳುವಾಗ ಕಣಗಿಲೆ, ಉಮ್ಮತ್ತಿ ಕೂಡದೆಂದು ಪೋಷಕರಿಗೂ ತಿಳಿಸಿ. ಎರಡೂ ವಿಷ.

ಚೆಂಡುಹೂವನ್ನು ಕೊನೆಗಿಟ್ಟುಕೊಳ್ಳಿ, ಅದು ಒಂದು ಹೂವಲ್ಲ, ಪುಟ್ಟ ಹೂಗಳ ಗೊಂಚಲು. ಗಿಡದಲ್ಲೇ ಒಣಗಿದ್ದನ್ನು ಬಿಡಿಸಿದರೆ ಕಡ್ಡಿಯಂಥ ಕಪ್ಪು ಬೀಜಗಳು ಉದುರುತ್ತವೆ. ಅರ್ಧ ಸೆಂಟಿಮೀಟರ್ ಆಳಕ್ಕೆ ಹಾಕಿಸಿ. ಆಳ ಹೆಚ್ಚಾದರೆ ಮೊಳಕೆ ಮೇಲೆ ಬರುವುದಿಲ್ಲ. ಒಂದು ವಾರದಲ್ಲಿ ಮೊಳಕೆ, ಸುಮಾರು ಎರಡು ತಿಂಗಳಿಗೆ ಮೊಗ್ಗು.